ದಾದಿಯ ವಿದ್ಯೆಯೂ ಪರಸ್ಥಳದವರ ಹಕ್ಕೂ



ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋಗುವವರಲ್ಲಿ ಎರಡು ಬಗೆಯವರುಂಟು. ಹನ್ನೆರಡನೆಯ ತರಗತಿಯನ್ನು ಮುಗಿಸಿ, ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ದಾದಿಯ ವಿದ್ಯೆಯನ್ನು ಕಲಿಯಲು ಹೋಗುವ ಮಗಳು ಒಬ್ಬಳು. ಮಳೆ ಕೈಕೊಟ್ಟ ವರುಷದಲ್ಲಿ ಪಾತ್ರೆಪಗಡೆಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ ಕಟ್ಟಡದ ಕೂಲಿಗೆ ಹೋಗುವ ಮಗನು ಮತ್ತೊಬ್ಬನು. ಇವರಿಬ್ಬರೂ ಒಂದೇ ಬೀದಿಯವರಾಗಿರಬಹುದು. ಒಂದೇ ಮನೆಯಲ್ಲಿ ಹುಟ್ಟಿದವರೂ ಆಗಿರಬಹುದು. ಪಟ್ಟಣದಲ್ಲಿ ಇವರು ಒಬ್ಬರನ್ನೊಬ್ಬರು ಸಂಧಿಸುವ ಸ್ಥಳ ಯಾವದು? ಆಸ್ಪತ್ರೆಯೇ. ಸಾರವೆಯ ಮೇಲಿಂದ ಬಿದ್ದವನು ಮಂಚದ ಮೇಲೆ ಮಲಗಿರುವನು. ಕಲಿಯುವ ದಾದಿಯು ಅವನ ಪಕ್ಕದಲ್ಲಿ ನಿಂತಿರುವಳು. ಅವನ ಮಾತು ಅವಳಿಗೆ ತಿಳಿಯದು. ಅವನ ಊರಿನ ಹೆಸರನ್ನು ಅವಳು ಕೇಳಿದವಳಲ್ಲ. ಆ ಹೊತ್ತಿನಲ್ಲಿ ಅವಳು ಅವನನ್ನು ಏನೆಂದು ಎಣಿಸುವಳು?

ಈ ತಿಂಗಳಿನ ಪಾಠದಲ್ಲಿ ನಾವು ವಿಚಾರಿಸಬೇಕೆಂದಿರುವದು ಇದನ್ನೇ. ದಾದಿಯ ವಿದ್ಯೆಯನ್ನು ಕಲಿಯುವವರು ಪರಸ್ಥಳದಿಂದ ಬಂದವರ ವಿಷಯದಲ್ಲಿ ಎಂಥ ಮನಸ್ಸುಳ್ಳವರಾಗಿರಬೇಕು, ಮತ್ತು ಆ ಪರಸ್ಥಳದವರಿಗೆ ಆಸ್ಪತ್ರೆಯಲ್ಲಿಯೂ ಊರಿನಲ್ಲಿಯೂ ಯಾವ ಯಾವ ಹಕ್ಕುಗಳುಂಟು ಎಂಬದು ನಮ್ಮ ವಿಷಯ. ಇದು ಪಟ್ಟಣದವರ ಸಂಗತಿ, ನಮಗೇಕೆ ಎಂದು ಯಾರೂ ಪುಟವನ್ನು ಮಗುಚದಿರಲಿ. ದಾದಿಯನ್ನು ಕಳುಹಿಸುವವರೂ ನಾವೇ, ರೋಗಿಯನ್ನು ಕಳುಹಿಸುವವರೂ ನಾವೇ ಆದಕಾರಣ, ಇದು ಮೊದಲು ನಮ್ಮ ಸಂಗತಿಯೇ ಆಗಿದೆ.

೧. ಪರಸ್ಥಳದವರು ಯಾರು?

ಪರಸ್ಥಳದವರೆಂದರೆ ಎಲ್ಲಿಯೋ ದೂರದಿಂದ ಬಂದ ಬೇರೆ ಜಾತಿಯ ಜನರೆಂದು ನಾವು ಸಾಧಾರಣವಾಗಿ ಎಣಿಸುತ್ತೇವೆ. ಆದರೆ ಸರಕಾರದ ಜನಗಣತಿಯ ಲೆಕ್ಕ ಬೇರೆ. ಹುಟ್ಟಿದ ಅಥವಾ ಹಿಂದೆ ವಾಸಿಸಿದ ಊರನ್ನು ಬಿಟ್ಟು ಬೇರೆ ಊರಿನಲ್ಲಿ ಇರುವವರೆಲ್ಲರೂ ಅದರ ಲೆಕ್ಕದಲ್ಲಿ ವಲಸೆಗಾರರೇ. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಇಂಥವರು ಸುಮಾರು ೪೫ ಕೋಟಿ ಮಂದಿ. ಅಂದರೆ ನೂರಕ್ಕೆ ಸುಮಾರು ೩೭ ಮಂದಿ. ಇವರು ಊರು ಬಿಟ್ಟ ಕಾರಣಗಳಲ್ಲಿ ಮೊದಲನೆಯದು ಯಾವದೆಂದು ಬಲ್ಲಿರಾ? ಕೂಲಿಯಲ್ಲ, ವಿವಾಹ. ಗಂಡನ ಊರಿಗೆ ಬಂದ ನಮ್ಮ ಸೊಸೆಯರೇ ಈ ದೇಶದ ವಲಸೆಗಾರರಲ್ಲಿ ಹೆಚ್ಚಿನವರು. ಹೊಸ ಊರಿನ ಬಾವಿಯ ದಾರಿ ತಿಳಿಯದೆ, ಮಾತಿನ ರೀತಿ ತಿಳಿಯದೆ ಮೊದಲ ವರುಷವನ್ನು ಕಳೆದ ತಾಯಂದಿರು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇರುವದರಿಂದ, ಪರಸ್ಥಳದವರ ಸಂಕಟವು ನಮಗೆ ಅಪರಿಚಿತವಾದದ್ದಲ್ಲ.

ಈಗ ಬೆಂಗಳೂರಿನ ದಕ್ಷಿಣ ಭಾಗವನ್ನು ನೋಡೋಣ. ಜೆ.ಪಿ. ನಗರವೆಂಬ ಬಡಾವಣೆಯು ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ ಮೊದಲಾದ ಹಳ್ಳಿಗಳ ಹೊಲಗದ್ದೆಗಳಿದ್ದ ಸೀಮೆಯಲ್ಲಿ ಬೆಳೆದದ್ದು. ಆ ಹಳ್ಳಿಗಳ ಕೆರೆಗಳು ಇಂದಿಗೂ ಅವುಗಳ ಹೆಸರನ್ನು ಹೇಳುತ್ತವೆ. ಅಲ್ಲಿ ಎದ್ದ ಬಹು ಅಂತಸ್ತಿನ ಮನೆಗಳಿಗೆ ಮಣ್ಣು ಹೊತ್ತವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರುಂಟು; ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಮಿನವರುಂಟು. ಬಾಗಿಲಲ್ಲಿ ಕಾವಲು ಕಾಯುವವರಲ್ಲಿ ನೇಪಾಳದವರುಂಟು. ೧೯೫೦ರಲ್ಲಿ ಭಾರತಕ್ಕೂ ನೇಪಾಳಕ್ಕೂ ಆದ ಒಪ್ಪಂದದ ಪ್ರಕಾರ ಅವರು ಇಲ್ಲಿ ವಾಸಿಸಿ ದುಡಿಯಬಹುದು. ಇದೇ ಸೀಮೆಯಲ್ಲಿ ದಾದಿಯರ ವಿದ್ಯಾಲಯಗಳೂ ಇವೆ. ರಾಜ್ಯದ ದಾದಿಯರ ವಿದ್ಯಾಲಯಗಳಿಗೆ ಪರೀಕ್ಷೆ ನಡಿಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ೧೯೯೬ರಲ್ಲಿ ಸ್ಥಾಪಿತವಾಗಿ, ನೆರೆಯ ಜಯನಗರದಲ್ಲಿ ನೆಲೆಗೊಂಡಿತು. ಆ ವಿದ್ಯಾಲಯಗಳಲ್ಲಿ ಕಲಿಯುವವರಲ್ಲಿಯೂ ಅನೇಕರು ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ನಮ್ಮ ದೂರದ ಜಿಲ್ಲೆಗಳಿಂದಲೂ ಬಂದವರು. ಹೀಗೆ ಮಂಚದ ಮೇಲಿರುವವನೂ ಮಂಚದ ಬಳಿ ನಿಂತಿರುವವಳೂ ಇಬ್ಬರೂ ಆ ಊರಿಗೆ ಹೊಸಬರು.

ಆ ಬಡಾವಣೆಯು ಯಾರ ಹೆಸರನ್ನು ಹೊತ್ತಿದೆ ಎಂಬದನ್ನೂ ನೆನಸಬೇಕು. ಬಿಹಾರದಲ್ಲಿ ೧೯೦೨ರಲ್ಲಿ ಹುಟ್ಟಿದ ಜಯಪ್ರಕಾಶ ನಾರಾಯಣರು ೧೯೨೨ರಲ್ಲಿ ಅಮೇರಿಕಕ್ಕೆ ವಿದ್ಯಾಭ್ಯಾಸಕ್ಕಾಗಿ ಹೋದರು. ಕೈಯಲ್ಲಿ ಹಣವಿಲ್ಲದ್ದರಿಂದ ಕ್ಯಾಲಿಫೋರ್ನಿಯದ ದ್ರಾಕ್ಷೇತೋಟಗಳಲ್ಲಿ ಕೂಲಿ ಮಾಡಿದರು. ಹೋಟೆಲಿನಲ್ಲಿ ತಟ್ಟೆ ತೊಳೆದರು. ಹೀಗೆ ದುಡಿದು ಕಲಿತು ೧೯೨೯ರಲ್ಲಿ ಸ್ವದೇಶಕ್ಕೆ ಮರಳಿದರು. ಪರದೇಶದಲ್ಲಿ ಕೂಲಿಯಾಗಿದ್ದ ಬಿಹಾರಿಯೊಬ್ಬರ ಹೆಸರುಳ್ಳ ಬೀದಿಯಲ್ಲಿ ಇನ್ನೊಬ್ಬ ಬಿಹಾರಿ ಕೂಲಿಯವನನ್ನು ತುಚ್ಛವಾಗಿ ಕಾಣುವದು ಎಷ್ಟು ಅಯುಕ್ತವೆಂದು ನೀವೇ ಹೇಳಿರಿ.

೨. ದಯೆಯೋ, ಹಕ್ಕೋ?

ಪರಸ್ಥಳದ ರೋಗಿಗೆ ಉಪಚಾರ ಮಾಡುವದು ಒಳ್ಳೆಯದೆಂದು ಎಲ್ಲರೂ ಒಪ್ಪುವರು. ಆದರೆ ಅದು ನಮ್ಮ ದಯೆಯೋ, ಅವನ ಹಕ್ಕೋ ಎಂದು ಕೇಳಿದರೆ ಅನೇಕರು ಸುಮ್ಮನಾಗುವರು. ಈ ಎರಡಕ್ಕೂ ಬಹಳ ಅಂತರವುಂಟು. ದಯೆಯು ಮನಸ್ಸು ಬಂದಾಗ ಕೊಡುವದು; ಬೇಸರವಾದ ದಿವಸ ಅದನ್ನು ಕೊಡದಿದ್ದರೂ ಯಾರೂ ಕೇಳುವದಿಲ್ಲ. ಹಕ್ಕಾದರೋ ಸಲ್ಲಬೇಕಾದ ಸಾಲದ ಹಾಗಿದೆ. ಕೊಡುವವನಿಗೆ ಮನಸ್ಸಿಲ್ಲದಿದ್ದರೂ ಅದು ಸಲ್ಲಲೇಬೇಕು. ರಾತ್ರಿಯೆಲ್ಲಾ ನಿಂತು ದಣಿದ ದಾದಿಯು ಬೆಳಗಿನ ಜಾವದಲ್ಲಿ ದಯೆಯನ್ನು ಮರೆಯಬಹುದು. ಹಕ್ಕೆಂದು ಕಲಿತವಳು ಆಗಲೂ ತನ್ನ ಕೆಲಸವನ್ನು ಬಿಡಲಾರಳು.

ಈ ವಿಷಯದಲ್ಲಿ ನಮ್ಮ ದೇಶದ ಶಾಸನ ಏನು ಹೇಳುತ್ತದೆ? ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೯ನೆಯ ಅನುಚ್ಛೇದವು ಪ್ರತಿ ನಾಗರಿಕನಿಗೂ ದೇಶದ ಯಾವ ಭಾಗಕ್ಕಾದರೂ ಹೋಗಿ ಅಲ್ಲಿ ವಾಸಿಸುವ ಹಕ್ಕನ್ನು ಕೊಡುತ್ತದೆ. ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಕೆಲವು ಮಿತಿಗಳಿದ್ದರೂ, ರಾಯಚೂರಿನವನಿಗೆ ಬೆಂಗಳೂರು ಹೇಗೋ ಗಯೆಯವನಿಗೂ ಹಾಗೆಯೇ. ೨೧ನೆಯ ಅನುಚ್ಛೇದವು ಜೀವದ ರಕ್ಷಣೆಯನ್ನು ಹೇಳುವಾಗ ನಾಗರಿಕನೆಂಬ ಮಾತನ್ನು ಬಳಸದೆ ಯಾವ ವ್ಯಕ್ತಿಗಾದರೂ ಅನ್ವಯಿಸುವಂತೆ ಹೇಳುತ್ತದೆ. ಆದದರಿಂದಲೇ ೧೯೯೬ರಲ್ಲಿ ಅರುಣಾಚಲ ಪ್ರದೇಶದಲ್ಲಿದ್ದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನಾಗರಿಕನಾಗಲಿ ಆಗದಿರಲಿ, ಪ್ರತಿಯೊಬ್ಬನ ಜೀವವನ್ನೂ ಸರಕಾರವು ಕಾಪಾಡತಕ್ಕದ್ದೆಂದು ತೀರ್ಪು ಮಾಡಿತು.

ಆಸ್ಪತ್ರೆಯ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ತೀರ್ಪುಗಳುಂಟು. ಅಪಘಾತಕ್ಕೆ ಗುರಿಯಾದವನಿಗೆ ಪೋಲೀಸರ ಕಾಗದಪತ್ರಗಳಿಗಾಗಿ ಕಾಯದೆ ಒಡನೆ ಚಿಕಿತ್ಸೆ ಮಾಡುವದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ೧೯೮೯ರಲ್ಲಿ ಅದೇ ನ್ಯಾಯಾಲಯವು ಹೇಳಿತು. ೧೯೯೨ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಭಾರೀ ಗಾಯವಾದ ಒಬ್ಬ ಬಡವನನ್ನು ಒಂದರ ಮೇಲೊಂದು ಸರಕಾರೀ ಆಸ್ಪತ್ರೆಯವರು ಹಾಸಿಗೆಯಿಲ್ಲವೆಂದೂ ಸಾಧನಗಳಿಲ್ಲವೆಂದೂ ತಿರುಗಿ ಕಳುಹಿಸಿದರು. ಕೃಷಿ ಕೂಲಿಕಾರರ ಸಂಘವೊಂದು ಅವನ ಪಕ್ಷವನ್ನು ಹಿಡಿದು ನ್ಯಾಯಾಲಯಕ್ಕೆ ಹೋಯಿತು. ೧೯೯೬ರಲ್ಲಿ ತೀರ್ಪಾಯಿತು: ತುರ್ತು ಚಿಕಿತ್ಸೆಯನ್ನು ಕೊಡದಿರುವದು ಜೀವದ ಹಕ್ಕಿನ ಭಂಗವು; ಹಣದ ಕೊರತೆಯು ಸರಕಾರಕ್ಕೆ ನೆಪವಾಗಲಾರದು. ಅವನಿಗೆ ೨೫,೦೦೦ ರೂಪಾಯಿ ಪರಿಹಾರವೂ ದೊರಕಿತು. ಇದನ್ನು ನಾವು ವಿವರವಾಗಿ ಹೇಳುವದೇಕೆಂದರೆ, ಈ ದೊಡ್ಡ ಹಕ್ಕನ್ನು ದೇಶಕ್ಕೆ ದೊರಕಿಸಿಕೊಟ್ಟವರು ಹೊಲದ ಕೂಲಿಕಾರರೇ ಎಂಬದು ನಮ್ಮ ಹಳ್ಳಿಯವರಿಗೆ ತಿಳಿದಿರಬೇಕು.

ಹಕ್ಕುಗಳು ಆಸ್ಪತ್ರೆಯ ಬಾಗಿಲಲ್ಲಿಯೇ ಮುಗಿಯುವದಿಲ್ಲ. ೨೦೧೩ರ ಆಹಾರ ಭದ್ರತಾ ಶಾಸನದ ಪ್ರಕಾರ ಸಲ್ಲುವ ಧಾನ್ಯವನ್ನು ಪಡಿತರ ಚೀಟಿಯುಳ್ಳವನು ಯಾವ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿಯಾದರೂ ಬೆರಳಚ್ಚು ಕೊಟ್ಟು ಪಡೆಯಬಹುದು. ಈ ಏರ್ಪಾಟು ೨೦೧೯ರಲ್ಲಿ ಆರಂಭವಾಗಿ ೨೦೨೨ರೊಳಗೆ ಎಲ್ಲಾ ರಾಜ್ಯಗಳನ್ನೂ ಮುಟ್ಟಿತು. ೧೯೯೬ರ ಶಾಸನದಿಂದ ಕಟ್ಟಡ ಕೆಲಸದವರ ಕಲ್ಯಾಣ ಮಂಡಳಿಗಳು ಹುಟ್ಟಿದವು. ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿವಸ ಇಂಥ ಕೆಲಸ ಮಾಡಿದ, ೧೮ರಿಂದ ೬೦ ವರುಷದೊಳಗಿನವನು ತನ್ನ ಹೆಸರನ್ನು ಅಲ್ಲಿ ಬರೆಯಿಸಿಕೊಳ್ಳಬಹುದು. ಹುಟ್ಟಿದ ರಾಜ್ಯ ಬೇರೆಯೆಂಬದು ಅದಕ್ಕೆ ಅಡ್ಡಿಯಲ್ಲ. ಕ್ಷಯರೋಗದ ಔಷಧವನ್ನು ಸರಕಾರವು ಧರ್ಮಾರ್ಥವಾಗಿ ಕೊಡುತ್ತದೆ. ಪುಷ್ಟಿಕರವಾದ ಆಹಾರಕ್ಕೆಂದು ಕೊಡುವ ತಿಂಗಳ ಹಣವು ೨೦೨೪ರ ನವೆಂಬರದಿಂದ ೧,೦೦೦ ರೂಪಾಯಿಗೆ ಏರಿತು. ಮಕ್ಕಳ ಲಸಿಕೆಗೂ ಹಣವಿಲ್ಲ. ಇವುಗಳನ್ನೇ ಸಾಮಾಜಿಕ ಹಕ್ಕುಗಳೆನ್ನುವರು.

೩. ವಿದ್ಯಾರ್ಥಿನಿಯ ಮನಸ್ಸಿಗೆ ಬರುವ ನಾಲ್ಕು ಮಾತುಗಳು

ಶಾಸನವು ಹೀಗಿದ್ದರೂ ಮನುಷ್ಯರ ಮನಸ್ಸು ಒಡನೆ ಹಾಗಾಗುವದಿಲ್ಲ. ವಿದ್ಯಾರ್ಥಿನಿಯು ಮನೆಯಲ್ಲಿ, ಬಸ್ಸಿನಲ್ಲಿ, ವಸತಿಗೃಹದಲ್ಲಿ ಕೇಳಿದ ಮಾತುಗಳನ್ನು ಹೊತ್ತುಕೊಂಡೇ ವಾರ್ಡಿಗೆ ಬರುವಳು. ಅವುಗಳಲ್ಲಿ ನಾಲ್ಕನ್ನು ಪರೀಕ್ಷಿಸೋಣ.

ಮೊದಲನೆಯದು: “ಇವರು ರೋಗವನ್ನು ತರುತ್ತಾರೆ.” ಮಂಗಳೂರಿನಲ್ಲಿ ಅನೇಕ ವರುಷ ಮಲೇರಿಯಾ ಬಹಳವಾಗಿದ್ದಾಗ ಜನರು ಕಟ್ಟಡದ ಕೂಲಿಕಾರರನ್ನು ದೂರಿದರು. ಆದರೆ ಸೊಳ್ಳೆ ಹುಟ್ಟಿದ್ದು ಎಲ್ಲಿ? ಕಟ್ಟಡಗಳಲ್ಲಿ ನಿಂತ ನೀರಿನಲ್ಲಿ, ಮುಚ್ಚದ ತೊಟ್ಟಿಗಳಲ್ಲಿ. ಆ ನೀರನ್ನು ನಿಲ್ಲಿಸಿದವನು ಕೂಲಿಯವನಲ್ಲ. ಅದರ ಪಕ್ಕದಲ್ಲಿ ಪರದೆಯಿಲ್ಲದೆ ಮಲಗಿ ಮೊದಲು ಜ್ವರ ಹಿಡಿಸಿಕೊಂಡವನು ಅವನೇ. ತಗಡಿನ ಶೆಡ್ಡಿನಲ್ಲಿ ಹತ್ತು ಮಂದಿ ಒಟ್ಟಿಗೆ ಮಲಗಿದರೆ ಕ್ಷಯವು ಒಬ್ಬನಿಂದ ಇನ್ನೊಬ್ಬನಿಗೆ ಹತ್ತುವದು. ಅದಕ್ಕೆ ಕಾರಣ ಅವರ ಊರಲ್ಲ, ಆ ಶೆಡ್ಡು. ಅವರನ್ನು ಅಟ್ಟುವದರಿಂದ ರೋಗವು ಅಡಗುವದೇ ಹೊರತು ಹೋಗುವದಿಲ್ಲ. ಪೋಲಿಯೋ ರೋಗವನ್ನು ನಮ್ಮ ದೇಶವು ಗೆದ್ದದ್ದು ಹೇಗೆ? ಇಟ್ಟಿಗೆ ಗೂಡುಗಳಿಗೂ ಕಟ್ಟಡದ ಶೆಡ್ಡುಗಳಿಗೂ ಅಲೆಮಾರಿಗಳ ಬಿಡಾರಗಳಿಗೂ ಹುಡುಕಿಕೊಂಡು ಹೋಗಿ ಮಕ್ಕಳಿಗೆ ಹನಿ ಹಾಕಿದ್ದರಿಂದಲ್ಲವೇ? ೨೦೧೧ರ ಜನವರಿಯ ತರುವಾಯ ದೇಶದಲ್ಲಿ ಆ ಕಾಡು ಪೋಲಿಯೋ ಕಾಣಲಿಲ್ಲ. ೨೦೧೪ರ ಮಾರ್ಚಿಯಲ್ಲಿ ಭಾರತವು ಪೋಲಿಯೋಮುಕ್ತವೆಂದು ಪ್ರಕಟವಾಯಿತು. ಪರರ ಮಗುವನ್ನು ಬಿಟ್ಟು ನಮ್ಮ ಮಗುವನ್ನು ಮಾತ್ರ ಕಾಪಾಡಲಾಗುವದಿಲ್ಲವೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡನೆಯದು: “ಇವರಿಂದ ನಮ್ಮವರಿಗೆ ಹಾಸಿಗೆ ಸಿಗುವದಿಲ್ಲ.” ಈ ಮಾತಿನಲ್ಲಿ ಒಂದು ನಿಜವುಂಟು. ಸರಕಾರೀ ಆಸ್ಪತ್ರೆಗಳಲ್ಲಿ ಹಾಸಿಗೆಗಳೂ ದಾದಿಯರೂ ಸಾಲದೆ ಇರುವದು ಎಲ್ಲರೂ ಕಂಡದ್ದೇ; ಇದನ್ನು ಮುಚ್ಚಿಡುವದು ಸರಿಯಲ್ಲ. ಆದರೆ ಕೊರತೆಯನ್ನು ಹಂಚುವ ನ್ಯಾಯ ಯಾವದು? ಯಾರ ನೋವು ಹೆಚ್ಚೋ ಅವರು ಮೊದಲು ಎಂಬದೇ ಆಸ್ಪತ್ರೆಯ ನ್ಯಾಯವಾಗಿದೆ. ಊರನ್ನು ನೋಡಿ ಸಾಲನ್ನು ಮಾಡತೊಡಗಿದರೆ ಈ ಹೊತ್ತು ಬಿಹಾರದವನು ಹಿಂದಕ್ಕೆ ಹೋಗುವನು, ನಾಳೆ ಕಲಬುರಗಿಯವನು, ನಾಡಿದ್ದು ಪಟ್ಟಣದಲ್ಲಿ ಮನೆಯಿಲ್ಲದ ಪ್ರತಿಯೊಬ್ಬ ಹಳ್ಳಿಯವನು. ಆ ಸಾಲಿನ ಕೊನೆಯಲ್ಲಿ ನಿಲ್ಲುವವರು ನಾವೇ. ಮತ್ತು ವಲಸೆಗಾರನು ಬರಿಗೈಯಿಂದ ಬಂದವನಲ್ಲ. ಆ ಪಟ್ಟಣದ ಗೋಡೆಗಳು ಅವನ ಬೆವರಿನಿಂದ ಎದ್ದವು, ಅವನು ಕೊಳ್ಳುವ ಸಾಬೂನಿನಲ್ಲಿಯೂ ಸರಕಾರದ ತೆರಿಗೆ ಸೇರಿದೆ.

ಮೂರನೆಯದು: “ಇವರಿಗೆ ಎಷ್ಟು ಹೇಳಿದರೂ ತಿಳಿಯದು.” ತಿಳಿಯದಿರುವದು ಬುದ್ಧಿಯ ಕೊರತೆಯಿಂದಲ್ಲ, ಭಾಷೆಯ ಕೊರತೆಯಿಂದ. ಒರಿಯ ಮಾತಾಡುವ ತಾಯಿಗೆ ಕನ್ನಡದಲ್ಲಿ ಗಟ್ಟಿಯಾಗಿ ಕೂಗಿದರೆ ಕನ್ನಡವು ಒರಿಯವಾಗುವದಿಲ್ಲ. ಕೇರಳದಿಂದ ಬಂದ ವಿದ್ಯಾರ್ಥಿನಿಯು ಮೊದಲ ತಿಂಗಳುಗಳಲ್ಲಿ ನಮ್ಮ ಅಜ್ಜಿಯರ ಮಾತನ್ನು ತಿಳಿಯದೆ ತಡವರಿಸಿದಾಗ ಆ ಅಜ್ಜಿಯರೇ ತಾಳ್ಮೆಯಿಂದ ಅವಳಿಗೆ ಕನ್ನಡವನ್ನು ಕಲಿಸಿದರು. ತನಗೆ ದೊರೆತ ತಾಳ್ಮೆಯನ್ನು ಅವಳು ಇನ್ನೊಬ್ಬರಿಗೆ ಕೊಡತಕ್ಕದ್ದು.

ನಾಲ್ಕನೆಯದು, ಎಲ್ಲಕ್ಕಿಂತ ಕಠಿನವಾದದ್ದು: “ಇವರು ನಮ್ಮ ದೇಶದವರೇ ಅಲ್ಲ.” ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ವಾಸಿಸುವವರು ಬಾಂಗ್ಲಾದೇಶದವರೆಂಬ ಸಂಶಯದ ಮೇಲೆ ಅನೇಕ ಗುಡಿಸಲುಗಳನ್ನು ಕೆಡವಿದರು. ತರುವಾಯ ನೋಡಲಾಗಿ ಅಸ್ಸಾಮಿನ ನಾಗರಿಕರೂ, ಅಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದವರೂ ಅವರಲ್ಲಿದ್ದರು. ಉಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಿ ಆ ಕೆಲಸವನ್ನು ತಡೆಯಿತು. ಸಂಶಯದ ಕಣ್ಣಿಗೆ ಕನ್ನಡಿಗನೂ ಪರದೇಶಿಯಾಗಿ ಕಾಣುವನೆಂಬದು ಇದರಿಂದ ಸ್ಪಷ್ಟ. ಯಾರು ಯಾವ ದೇಶದವರೆಂದು ತೀರ್ಮಾನಿಸಲಿಕ್ಕೆ ಸರಕಾರದಲ್ಲಿ ಬೇರೆ ಅಧಿಕಾರಿಗಳಿದ್ದಾರೆ. ದಾದಿಗೆ ಆ ಅಧಿಕಾರವೂ ಇಲ್ಲ, ಆ ಕೆಲಸವೂ ಬೇಡ. ಒಂದು ವೇಳೆ ರೋಗಿಯು ನಿಜವಾಗಿಯೂ ಬೇರೆ ದೇಶದವನಾಗಿದ್ದರೂ ಅವನ ಜೀವದ ಹಕ್ಕು ನಿಲ್ಲುವದಿಲ್ಲವೆಂದು ಮೇಲೆ ನೋಡಿದೆವು.

೪. ದಾದಿಯೂ ಪರಸ್ಥಳದವಳೇ

ದಾದಿಯ ವೃತ್ತಿಯಷ್ಟು ಮನುಷ್ಯರನ್ನು ಊರುಬಿಡಿಸುವ ವೃತ್ತಿಗಳು ಕೆಲವೇ. ಉಡುಪಿಯಲ್ಲಿ ೧೯೨೩ರಲ್ಲಿ ಆಸ್ಪತ್ರೆಯನ್ನು ತೆರೆದ ಡಾಕ್ಟರ್ ಈವಾ ಲೊಂಬಾರ್ಡರು ಸಮುದ್ರವನ್ನು ದಾಟಿ ಬಂದವರು. ನಮ್ಮ ಅಜ್ಜಿಯರು ಅವರ ಕೈಗೆ ತಮ್ಮ ಕೂಸುಗಳನ್ನು ಕೊಟ್ಟಾಗ ಊರನ್ನು ಕೇಳಲಿಲ್ಲ. ನಾವೆಲ್ಲರೂ ಬಾಲ್ಯದಿಂದ ಕೇಳಿರುವ ಸಮಾರ್ಯದವನ ಸಾಮ್ಯದಲ್ಲಿಯೂ ಗಾಯಕ್ಕೆ ಕಟ್ಟು ಕಟ್ಟಿದವನೇ ಅನ್ಯಜನಾಂಗದವನು ಎಂಬದನ್ನು ನಾವು ಹಲವು ಸಾರಿ ಮರೆಯುತ್ತೇವೆ.

ಈಗ ನಮ್ಮ ಹೆಣ್ಣುಮಕ್ಕಳೇ ಸಮುದ್ರವನ್ನು ದಾಟುತ್ತಿದ್ದಾರೆ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕುವೈಟಿನಲ್ಲಿಯೋ ಇಂಗ್ಲೆಂಡಿನಲ್ಲಿಯೋ ದಾದಿಯಾಗಿರುವ ಮಗಳ ಭಾವಚಿತ್ರವು ಅಪರೂಪವಲ್ಲ. ಅವರು ಅಲ್ಲಿ ಏನನ್ನು ಅನುಭವಿಸಿದರು? ೨೦೧೪ರಲ್ಲಿ ಇರಾಕಿನ ತಿಕ್ರಿತ್ ಪಟ್ಟಣದಲ್ಲಿ ಯುದ್ಧದ ನಡುವೆ ಸಿಕ್ಕಿಕೊಂಡ ೪೬ ಮಂದಿ ಭಾರತದ ದಾದಿಯರು ಜುಲೈ ತಿಂಗಳಲ್ಲಿ ಜೀವಸಹಿತವಾಗಿ ಸ್ವದೇಶಕ್ಕೆ ಮುಟ್ಟಿದರು. ಅವರಲ್ಲಿ ಹೆಚ್ಚಿನವರು ಕೇರಳದವರು. ಉದ್ಯೋಗ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಸುಲಿಯುವ ದಲ್ಲಾಳಿಗಳ ಕಾಟವು ಬಹಳವಾದದ್ದರಿಂದ ೨೦೧೫ರಲ್ಲಿ ಭಾರತ ಸರಕಾರವು ಕೊಲ್ಲಿಯೇ ಮೊದಲಾದ ಕೆಲವು ದೇಶಗಳಿಗೆ ಹೋಗುವ ದಾದಿಯರ ನೇಮಕವು ಸರಕಾರೀ ಸಂಸ್ಥೆಗಳ ಮೂಲಕವೇ ಆಗಬೇಕೆಂದು ನಿಯಮ ಮಾಡಿತು. ಇಂಗ್ಲೆಂಡಿನಲ್ಲಿ ೨೦೧೫ರಿಂದ ಪರದೇಶದವರು ಆರೋಗ್ಯಕ್ಕೆಂದು ವಿಶೇಷ ತೆರಿಗೆಯನ್ನು ತೆರಬೇಕಾಗಿತ್ತು. ತಾನು ದುಡಿಯುವ ಆಸ್ಪತ್ರೆಯಲ್ಲಿ ತಾನೇ ರೋಗಿಯಾಗಲಿಕ್ಕೆ ಪರದೇಶದ ದಾದಿಯು ಬೇರೆ ಹಣ ಕೊಡಬೇಕೋ ಎಂಬ ಪ್ರಶ್ನೆಯು ಎದ್ದು, ೨೦೨೦ರ ಮೇ ತಿಂಗಳಲ್ಲಿ ಆ ಸರಕಾರವು ಆರೋಗ್ಯ ಕೆಲಸದವರನ್ನು ಅದರಿಂದ ಬಿಡಿಸಲು ಒಪ್ಪಿತು.

ಅದೇ ೨೦೨೦ರಲ್ಲಿ ನಮ್ಮ ದೇಶದಲ್ಲಿ ಏನಾಯಿತು? ಮಾರ್ಚಿ ೨೨ರಂದು ಜನರು ಬಾಗಿಲಲ್ಲಿ ನಿಂತು ದಾದಿಯರಿಗೂ ವೈದ್ಯರಿಗೂ ಚಪ್ಪಾಳೆ ತಟ್ಟಿದರು. ತರುವಾಯ ಕೊರೋನಾ ಅಂಟುವದೆಂಬ ಭಯದಿಂದ ಅನೇಕ ಕಡೆ ಮನೆಯ ಒಡೆಯರು ದಾದಿಯರನ್ನೇ ಮನೆ ಬಿಡಿರೆಂದರು. ಕಲ್ಕತ್ತೆಯಲ್ಲಿದ್ದ ಮಣಿಪುರದ ಅನೇಕ ದಾದಿಯರು ಮೇ ತಿಂಗಳಲ್ಲಿ ಕೆಲಸವನ್ನು ಬಿಟ್ಟು ಊರಿಗೆ ಹೋದರು. ತಮ್ಮ ಮುಖಚರ್ಯೆಯನ್ನು ನೋಡಿ ಜನರು ಹಂಗಿಸಿದ್ದೂ ಕಾರಣಗಳಲ್ಲಿ ಒಂದೆಂದು ಅವರು ಹೇಳಿದರು. ಕೂಲಿಕಾರರಾದರೋ ಬಿಸಿಲಿನಲ್ಲಿ ನೂರಾರು ಮೈಲು ನಡೆದರು. ಕರ್ನಾಟಕ ಸರಕಾರವು ಕಟ್ಟಡ ಕಟ್ಟಿಸುವವರೊಡನೆ ಸಮಾಲೋಚಿಸಿದ ತರುವಾಯ ಅವರ ವಿಶೇಷ ರೈಲುಗಳನ್ನು ನಿಲ್ಲಿಸಿ, ಎಲ್ಲಾ ಕಡೆಯಿಂದ ಆಕ್ಷೇಪಣೆ ಬಂದ ಮೇಲೆ ತಿರಿಗಿ ಬಿಡಿಸಿತು. ೨೦೧೨ರ ಆಗಸ್ಟಿನಲ್ಲಿಯೂ ಒಂದು ಸುಳ್ಳು ಸುದ್ದಿಯ ಭಯದಿಂದ ಈಶಾನ್ಯ ರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳೂ ಕೆಲಸದವರೂ ಬೆಂಗಳೂರನ್ನು ಬಿಟ್ಟು ಗುವಾಹಾಟಿಯ ರೈಲುಗಳನ್ನು ಹತ್ತಿದ್ದರು. ಕೈಗಳು ಬೇಕು, ಮನುಷ್ಯನು ಬೇಡ ಎಂಬ ಮನಸ್ಸು ದಾದಿಯನ್ನೂ ಬಿಡುವದಿಲ್ಲ, ಕೂಲಿಯವನನ್ನೂ ಬಿಡುವದಿಲ್ಲ. ಆದಕಾರಣ ಪರಸ್ಥಳದ ರೋಗಿಯ ಹಕ್ಕನ್ನು ಕಾಯುವ ವಿದ್ಯಾರ್ಥಿನಿಯು ತನ್ನ ಸ್ವಂತ ಹಕ್ಕನ್ನೇ ಕಾಯುವವಳಾಗಿದ್ದಾಳೆ.

೫. ಮನಸ್ಸು ತಿದ್ದಲ್ಪಡುವ ಬಗೆ

ಸಿರಿಯ ದೇಶದ ನಿರಾಶ್ರಿತರು ಲಕ್ಷಗಟ್ಟಲೆ ಬಂದ ತರುವಾಯ ಟರ್ಕಿ ದೇಶದಲ್ಲಿಯೂ, ಹಾಗೆಯೇ ಸ್ಪೇನಿನಲ್ಲಿಯೂ, ದಾದಿಯ ವಿದ್ಯಾರ್ಥಿಗಳು ಪರದೇಶದವರನ್ನು ಕುರಿತು ಏನೆಣಿಸುತ್ತಾರೆಂದು ಪ್ರಶ್ನಾವಳಿಗಳ ಮೂಲಕ ವಿಚಾರಿಸಿದ್ದುಂಟು. ಹೀಗೆ ವಿಚಾರಿಸುವದು ವ್ಯರ್ಥವಲ್ಲ. ಸ್ಪೇನಿನಲ್ಲಿ ೨೦೧೨ರಲ್ಲಿ ಸರಕಾರವು ಕಾಗದಪತ್ರಗಳಿಲ್ಲದ ವಯಸ್ಕ ಪರದೇಶದವರಿಗೆ ತುರ್ತು ಚಿಕಿತ್ಸೆಯನ್ನೂ ಹೆರಿಗೆಯ ಉಪಚಾರವನ್ನೂ ಬಿಟ್ಟು ಉಳಿದ ಸಾಧಾರಣ ಚಿಕಿತ್ಸೆಯನ್ನು ನಿಲ್ಲಿಸಿದಾಗ ಅನೇಕ ವೈದ್ಯರೂ ದಾದಿಯರೂ ಅದನ್ನು ಒಪ್ಪಲಿಲ್ಲ. ೨೦೧೮ರಲ್ಲಿ ಆ ಹಕ್ಕು ತಿರಿಗಿ ಸ್ಥಾಪಿತವಾಯಿತು. ವಿದ್ಯಾಲಯದಲ್ಲಿ ಬೆಳೆದ ಮನಸ್ಸು ಮುಂದೆ ದೇಶದ ನಿಯಮವನ್ನು ಎದುರಿಸುವಷ್ಟು ಬಲವುಳ್ಳದ್ದಾಗಬಹುದು.

ಮನಸ್ಸನ್ನು ತಿದ್ದುವದು ಯಾವದು? ಅಮೇರಿಕದ ಗಾರ್ಡನ್ ಆಲ್ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು ೧೯೫೪ರಲ್ಲಿ ಇದಕ್ಕೆ ಒಂದು ಉತ್ತರವನ್ನು ಕೊಟ್ಟರು. ಬೇರೆಯವರೊಡನೆ ಬರೇ ಹತ್ತಿರವಿದ್ದ ಮಾತ್ರಕ್ಕೆ ಪೂರ್ವಾಗ್ರಹವು ಹೋಗುವದಿಲ್ಲ. ಸಮಾನರಾಗಿ ಕೂಡಿ, ಒಂದೇ ಉದ್ದೇಶಕ್ಕಾಗಿ, ಒಬ್ಬರಿಗೊಬ್ಬರು ನೆರವಾಗಿ ಕೆಲಸ ಮಾಡಿದರೆ, ಮತ್ತು ಮೇಲಿನವರು ಅದಕ್ಕೆ ಬೆಂಬಲವಾಗಿ ನಿಂತರೆ, ಆಗ ಅದು ಕಡಿಮೆಯಾಗುವದೆಂದು ಅವರು ಹೇಳಿದರು. ಇದನ್ನು ವಾರ್ಡಿಗೆ ಅನ್ವಯಿಸಿ ನೋಡಿರಿ. ಹಿರಿಯ ದಾದಿಯು ಪರಸ್ಥಳದ ರೋಗಿಯನ್ನು ಏಕವಚನದಲ್ಲಿ ಗದರಿಸಿದರೆ ಕಿರಿಯಳು ಅದನ್ನೇ ಕಲಿಯುವಳು. ಹಿರಿಯಳು “ಅಣ್ಣಾ, ನೋವು ಎಲ್ಲಿ?” ಎಂದು ಕೇಳಿದರೆ ಪುಸ್ತಕದ ಹತ್ತು ಪುಟಗಳು ಕಲಿಸದ್ದನ್ನು ಆ ಒಂದು ಮಾತು ಕಲಿಸುವದು.

ಲೋಕದ ದಾದಿಯರ ಸಂಘವು ೧೯೫೩ರಲ್ಲಿ ಮೊದಲು ಪ್ರಕಟಿಸಿ ೨೦೨೧ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆಯು ರೋಗಿಯ ದೇಶ, ಭಾಷೆ, ಮತ, ಬಣ್ಣ, ಸ್ಥಿತಿಗತಿ ಇವುಗಳಿಂದ ಶುಶ್ರೂಷೆಯು ಕಡಿಮೆಯಾಗಬಾರದೆಂದು ವಿಧಿಸುತ್ತದೆ. ಕಲಿಯುವವಳು ಅದನ್ನು ದಿನದ ಕೆಲಸಕ್ಕೆ ತರುವದು ಹೀಗೆ:

(೧) ತುರ್ತಾದ ರೋಗಿಯಲ್ಲಿ ಮೊದಲು ನಾಡಿ, ತರುವಾಯ ಕಾಗದ. ಗುರುತಿನ ಚೀಟಿಯು ದಾಖಲೆಗೆ ಬೇಕಾದದ್ದು, ಉಸಿರಾಟಕ್ಕಲ್ಲ.

(೨) ಮುಖವನ್ನೋ ಉಡುಪನ್ನೋ ನೋಡಿ ಊರನ್ನೂ ಮತವನ್ನೂ ಊಹಿಸಬಾರದು. ಹೆಸರನ್ನು ಕೇಳಿ, ಆ ಹೆಸರಿನಿಂದಲೇ ಕರೆಯಬೇಕು.

(೩) ರೋಗಿಯ ಭಾಷೆಯಲ್ಲಿ ನೋವು, ನೀರು, ಔಷಧ, ಊಟ, ಭಯಪಡಬೇಡ ಎಂಬ ಐದಾರು ಮಾತುಗಳನ್ನಾದರೂ ಕಲಿಯಬೇಕು. ದೊಡ್ಡ ಸಂಗತಿಗೆ ದುಭಾಷಿಯನ್ನು ಹುಡುಕಬೇಕು. ತಾಯಿಯ ಗುಟ್ಟಾದ ರೋಗವನ್ನು ಅವಳ ಚಿಕ್ಕ ಮಗನಿಂದ ಹೇಳಿಸಬಾರದು.

(೪) ವಿಳಾಸ ಬರೆಯುವಾಗ ಈಗಿನ ಬಿಡಾರವನ್ನೂ ಸ್ವಂತ ಊರನ್ನೂ ಎರಡನ್ನೂ ಬರೆಯಬೇಕು. ಕ್ಷಯದ ಔಷಧವು ಸಾಧಾರಣವಾಗಿ ಆರು ತಿಂಗಳು ನಡೆಯತಕ್ಕದ್ದು. ಮೇಸ್ತ್ರಿಯು ಮೂರನೆಯ ತಿಂಗಳಲ್ಲಿ ಬೇರೆ ಊರಿಗೆ ಕರೆದೊಯ್ದರೆ, ಮುಂದಿನ ಆಸ್ಪತ್ರೆಗೆ ಸುದ್ದಿ ಮುಟ್ಟದಿದ್ದರೆ, ಔಷಧಕ್ಕೆ ಬಗ್ಗದ ಕ್ಷಯವು ಹುಟ್ಟುವದು.

(೫) ಬಸುರಿಯ ಕೈಯಲ್ಲಿ ತಾಯಿ ಕಾರ್ಡು ಇಲ್ಲದಿದ್ದರೆ ಗದರಿಸದೆ, ಹೊಸದನ್ನು ಮಾಡಿಸಿಕೊಡಬೇಕು.

(೬) ಪಡಿತರ, ಕಟ್ಟಡದವರ ಮಂಡಳಿ, ನಮ್ಮ ಕ್ಲಿನಿಕ್ ಇವೆಲ್ಲಿವೆ ಎಂದು ತಿಳಿದಿದ್ದು ದಾರಿ ತೋರಿಸಬೇಕು. ಹಕ್ಕನ್ನು ಬಲ್ಲ ದಾದಿಯು ಅರ್ಧ ಔಷಧವನ್ನು ಬಾಯಿಂದಲೇ ಕೊಡುವಳು.

೬. ಊರಿನಲ್ಲಿರುವ ನಮ್ಮ ಕೆಲಸ

ಇನ್ನು ನಮ್ಮ ಪಾಲು. ಮಗನೋ ನೆರೆಯವನೋ ದುಡಿಮೆಗೆ ಹೊರಟರೆ ಬುತ್ತಿಯ ಸಂಗಡ ಪಡಿತರ ಚೀಟಿ, ಮಕ್ಕಳ ಲಸಿಕೆಯ ಕಾರ್ಡು, ನಡೆಯುತ್ತಿರುವ ಔಷಧದ ಚೀಟಿ ಇವುಗಳನ್ನೂ ಕಟ್ಟಿಕೊಡಿರಿ. ಮಗಳು ದಾದಿಯ ವಿದ್ಯೆಗೆ ಹೋಗಿದ್ದರೆ, ಅವಳು ರಜದಲ್ಲಿ ಬಂದಾಗ ಸಂಬಳದ ಮಾತನ್ನು ಮಾತ್ರ ಕೇಳಬೇಡಿರಿ; ಯಾರ ಯಾರ ಶುಶ್ರೂಷೆ ಮಾಡಿದೆಯಮ್ಮಾ, ಅವರ ಊರು ಯಾವದು ಎಂದೂ ಕೇಳಿರಿ. ಮನೆಯಲ್ಲಿ ನಾವು ಪರರನ್ನು ಹಳಿದು ಮಾತಾಡುತ್ತಿದ್ದರೆ ವಿದ್ಯಾಲಯದ ಪಾಠವು ಅವಳ ಕಿವಿಗೆ ಹತ್ತದು.

ಕಡೆಯದಾಗಿ, ಪರಸ್ಥಳದವರು ಪಟ್ಟಣದಲ್ಲಿ ಮಾತ್ರ ಇರುವದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಈಗ ಅಸ್ಸಾಮಿನವರು ದುಡಿಯುತ್ತಾರೆ. ಬೆಳಗಾವಿಯ ಕಡೆ ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಗುಂಪುಗಳು ಬರುತ್ತವೆ. ಅವರ ಬಿಡಾರದ ಕೂಸಿಗೆ ಜ್ವರ ಬಂದರೆ ನಮ್ಮ ಊರಿನ ಉಪಕೇಂದ್ರದ ದಾರಿಯನ್ನು ತೋರಿಸುವವರು ಯಾರು? ಆಶಾ ಕಾರ್ಯಕರ್ತೆಯು ಲೆಕ್ಕ ಬರೆಯುವಾಗ ಆ ಬಿಡಾರವನ್ನೂ ಬರೆದಿದ್ದಾಳೋ ಎಂದು ಕೇಳುವವರು ಯಾರು? ಜೆ.ಪಿ. ನಗರದ ವಿದ್ಯಾರ್ಥಿನಿಯು ನಮ್ಮ ಮಗನನ್ನು ಹೇಗೆ ಕಾಣಬೇಕೆಂದು ಬಯಸುತ್ತೇವೋ ಹಾಗೆಯೇ ನಾವು ನಮ್ಮ ಹೊಲದ ಅಂಚಿನಲ್ಲಿ ಬಿಡಾರ ಹೂಡಿದವರನ್ನು ಕಾಣುವದು ನ್ಯಾಯ. ಅವಳಿಗೆ ಪಾಠ ಹೇಳುವ ಮೊದಲು ನಾವು ಅದನ್ನು ಮಾಡಿ ತೋರಿಸೋಣ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಊರಿನಿಂದ ಹೊರಗೆ ದುಡಿಯಲು ಹೋದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಪಡಿತರ ಚೀಟಿಯಿದೆ?

೨. ದಯೆಗೂ ಹಕ್ಕಿಗೂ ಇರುವ ಭೇದವನ್ನು ನಮ್ಮ ಅನುಭವದ ಒಂದು ಸಂಗತಿಯಿಂದ ವಿವರಿಸಿರಿ.

೩. ೧೯೯೬ರ ತೀರ್ಪಿನಿಂದ ಬಡ ರೋಗಿಗೆ ಆದ ಪ್ರಯೋಜನವೇನು?

೪. ಮೇಲೆ ಹೇಳಿದ ನಾಲ್ಕು ಮಾತುಗಳಲ್ಲಿ ನಮ್ಮ ಊರಿನಲ್ಲಿ ಹೆಚ್ಚಾಗಿ ಕೇಳಿಬರುವದು ಯಾವದು? ಅದಕ್ಕೆ ನಾವು ಕೊಡತಕ್ಕ ಉತ್ತರವೇನು?

೫. ಈ ಸುಗ್ಗಿಯಲ್ಲಿ ನಮ್ಮ ಊರಿಗೆ ಬಂದಿರುವ ಪರಸ್ಥಳದ ಮಕ್ಕಳಿಗೆ ಲಸಿಕೆ ಹಾಕಲ್ಪಟ್ಟಿದೆಯೋ? ಇಲ್ಲದಿದ್ದರೆ ನರ್ಸಮ್ಮನಿಗೆ ತಿಳಿಸುವವರು ನಮ್ಮಲ್ಲಿ ಯಾರು?